ಬಾಯಿ ಬಂದ ಮೂರು ಉಂಡೆಗಳು

ಬಿಗಿಯಣ್ಣ ಸುತ್ತಿಕೊಟ್ಟ ಗಂಟನ್ನು ಇನ್ನೊಬ್ಬರು ಸಲೀಸಾಗಿ ಬಿಚ್ಚಿದ್ದನ್ನು ಕಂಡವರಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಆ ಹೆಸರು ಹಿಡಿದು ಕೂಗುತ್ತಿದ್ದವಳು ಅಕ್ಕ ಒಬ್ಬಳೇ, ಅದೂ ಸಿಟ್ಟು ನೆತ್ತಿಗೇರಿದಾಗ ಮಾತ್ರ. ಹಾಲಿನ ವ್ಯಾನಿನವನಿಂದ ಹಿಡಿದು ದನದ ಡಾಕ್ಟರವರೆಗೆ ಉಳಿದವರಿಗೆಲ್ಲ ಅವನು ಬಿಗಿಯಣ್ಣ.

ಒಮ್ಮೆ ಅಕ್ಕ ನೆಂಟರ ಮನೆಗೆ ಹೊರಟಿದ್ದಳು. ಅವಳ ಪೆಟ್ಟಿಗೆಯ ಚಿಲಕ ಸಡಿಲವಾಗಿದ್ದದ್ದು ಬಿಗಿಯಣ್ಣನ ಕಣ್ಣಿಗೆ ಬಿತ್ತು. ಅಕ್ಕ ತಲೆ ಬಾಚಿಕೊಂಡು ಬರುವುದರೊಳಗೆ, ಹುಲ್ಲಿಗೆ ಸುತ್ತಿ ಉಳಿದಿದ್ದ ಪ್ಲಾಸ್ಟಿಕ್ಕನ್ನು ಎಳೆದೆಳೆದು, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಕೂರುವಂತೆ, ಪೆಟ್ಟಿಗೆಗೆ ಆರು ಪದರ ಸುತ್ತಿಟ್ಟಿದ್ದ. ನೆಂಟರ ಮನೆಯಲ್ಲಿ ಕತ್ತರಿ ಸೋತಿತು, ತರಕಾರಿ ಚಾಕು ಬಾಗಿತು. ಆ ಮನೆಯ ಯಜಮಾನಿ ಅಕ್ಕನ ಅರ್ಧ ಗಾತ್ರದವಳು. ಅವಳ ಬಟ್ಟೆಯನ್ನೇ ತೊಟ್ಟು, ಕೈ ಎತ್ತಿದರೆ ಎಲ್ಲಿ ಹೊಲಿಗೆ ಬಿಡುತ್ತದೋ ಎಂಬ ಭಯದಲ್ಲಿ ಇದ್ದಷ್ಟು ದಿನವೂ ಕೈಕಟ್ಟಿಕೊಂಡು ಕೂತಿದ್ದ ಅಕ್ಕ, ಮನೆಗೆ ಬಂದವಳೇ ಪೆಟ್ಟಿಗೆಯನ್ನು ತಮ್ಮನ ಕಾಲಬಳಿ ಕುಕ್ಕಿದಳು.

“ನನ್ನ ಸೀರೆ ಏನು ಹಸುಗೆ ಹಾಕೋ ಮೇವೇನೋ?”

ಬಿಗಿಯಣ್ಣ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ದಾರಿಯಲ್ಲಿ ಮಳೆ ಹೊಡೆದಿತ್ತಂತೆ.

“ಒಳಗೆ ಒಂದು ಹನಿ ನೀರು ಹೋಗಿದ್ಯಾ? ಅದನ್ನ ಹೇಳು ಅಕ್ಕ,” ಅಂದ.

ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಅವನು ಅಕ್ಕನ ಮದುವೆಯಾದ ವರ್ಷ ಅವಳ ಜೊತೆಗೇ ಈ ಮನೆಗೆ ಬಂದವನು. ಮನೆ ಭಾವನದು, ಹೊಲವೂ ಭಾವನದೇ. ಭಾವನಿಗೆ ಹೊಲದ ಮೇಲೆ ಬಹಳ ಪ್ರೀತಿ. ಅದರ ಯಾವ ಮೂಲೆಯಲ್ಲಿ ಯಾವ ಹೊತ್ತಿಗೆ ನೆರಳು ಬೀಳುತ್ತದೆ, ಎಲ್ಲಿ ಮಲಗಿದರೆ ಇರುವೆ ಕಡಿಯುವುದಿಲ್ಲ ಎಂಬುದೆಲ್ಲ ಅವನಿಗೆ ಕರತಲಾಮಲಕ. ಹಸುಗಳು ಅಕ್ಕನವು. ಯಂತ್ರಗಳು ಬಿಗಿಯಣ್ಣನವು. ಹೀಗೆ ಮೂವರ ನಡುವೆ ಕೆಲಸ ಹಂಚಿಹೋಗಿತ್ತು. ಬಿಗಿಯಣ್ಣನ ಮದುವೆಯ ಮಾತು ಬಂದಾಗಲೆಲ್ಲ ಅವನು “ಈ ಕೊಯ್ಲು ಒಂದು ಮುಗೀಲಿ” ಅನ್ನುತ್ತಿದ್ದ. ಕೊಯ್ಲು ಮುಗಿಯುತ್ತಿತ್ತು, ಮತ್ತೊಂದು ಬರುತ್ತಿತ್ತು, ಮಾತು ತಣ್ಣಗಾಗುತ್ತಿತ್ತು. ಕೊನೆಗೆ ಕೇಳುವವರೂ ಸುಮ್ಮನಾದರು.

ಅವನ ಜೀವವೆಲ್ಲ ಇದ್ದದ್ದು ಹುಲ್ಲಿನ ಉಂಡೆಗಳಲ್ಲಿ. ಆಳೆತ್ತರದ, ಡ್ರಮ್ಮಿನಂಥ ದುಂಡು ಉಂಡೆಗಳು. ಹುಲ್ಲು ಕೊಯ್ದು, ಒಂದು ದಿನ ಬಾಡಿಸಿ, ಸಾಲಾಗಿ ಒಟ್ಟಿದರೆ, ಟ್ರ್ಯಾಕ್ಟರಿನ ಹಿಂದಿನ ಯಂತ್ರ ಅದನ್ನು ಚಾಪೆಯಂತೆ ಸುರುಳಿ ಸುತ್ತಿ, ಮೇಲೊಂದು ಬಲೆ ಹೊದಿಸಿ ಉರುಳಿಸುತ್ತದೆ. ಒಣಹುಲ್ಲಾದರೆ ಅಷ್ಟು ಸಾಕು. ಸೂರಿನಡಿ ಇಟ್ಟರೆ ಗಾಳಿಯಾಡಿಕೊಂಡು ಇರುತ್ತದೆ. ಅರ್ಧ ಹಸಿ ಇರುವ ಹುಲ್ಲಿಗೆ ಅದು ಸಾಲದು. ಅದಕ್ಕೆ ಪ್ಲಾಸ್ಟಿಕ್ ಸುತ್ತಿ ಒಂದಿಷ್ಟೂ ಗಾಳಿ ಹೋಗದಂತೆ ಮಾಡಬೇಕು. ಆಗ ಅದು ಒಳಗೊಳಗೇ ಹುಳಿತು, ಮೇವಿಲ್ಲದ ತಿಂಗಳುಗಳಲ್ಲಿ ಹಸುಗಳು ಮೂತಿ ಹುದುಗಿಸಿ ತಿನ್ನುವ ರಸಮೇವಾಗುತ್ತದೆ. ಸೂಜಿಮೊನೆಯಷ್ಟು ತೂತು ಬಿದ್ದರೂ ಬೂಷ್ಟು ಹಿಡಿಯುತ್ತದೆ.

ಈ ಸುತ್ತುವ ಕೆಲಸದಲ್ಲಿ ಬಿಗಿಯಣ್ಣ ಯಾರ ಮಾತನ್ನೂ ಕೇಳುವವನಲ್ಲ. ಒಂದು ಹಿಡಿ ಹುಲ್ಲು ತೆಗೆದು ಬಟ್ಟೆ ಹಿಂಡಿದ ಹಾಗೆ ಹಿಂಡುವನು. ನೀರು ಜಿನುಗಿದರೆ ಇನ್ನೂ ಹಸಿ, ಪಟಪಟ ಮುರಿದರೆ ಅತಿ ಒಣ. ಎರಡೂ ಅಲ್ಲದೆ ಕೈ ಬರೀ ತಣ್ಣಗಾದರೆ ಮಾತ್ರ ಯಂತ್ರ ಹೊರಡುವುದು. ಬಲೆ ಉಂಡೆಯ ಎರಡೂ ಅಂಚನ್ನು ದಾಟಿ ಹೆಗಲ ಮೇಲೆ ಶಾಲು ಕೂತಂತೆ ಕೂರಬೇಕು. ಇಲ್ಲದಿದ್ದರೆ ಹುಲ್ಲುಕಡ್ಡಿ ಹೊರಗೆ ಚಾಚಿ ಪ್ಲಾಸ್ಟಿಕ್ಕನ್ನು ಚುಚ್ಚುತ್ತದೆ. ಕಟ್ಟಿದ ಉಂಡೆಯನ್ನು ಅಂದೇ ಸುತ್ತಬೇಕು, ರಾತ್ರಿ ಕಳೆದರೆ ಒಳಗೆ ಕಾವು ಹುಟ್ಟುತ್ತದೆ. ಸುತ್ತಿದ ಮೇಲೆ ದುಂಡು ಮೈ ಮೇಲಲ್ಲ, ಚಪ್ಪಟೆ ತುದಿಯ ಮೇಲೆ ನಿಲ್ಲಿಸಬೇಕು, ಯಾಕೆಂದರೆ ಪ್ಲಾಸ್ಟಿಕ್ ಹೆಚ್ಚು ಪದರ ಕೂತಿರುವುದು ಅಲ್ಲೇ. ನಿಲ್ಲಿಸಿದ ಮೇಲೆ ಸರಿಸಕೂಡದು. ಸರಿಸಿದವರ ಜೊತೆ ಅವನು ಮಾತು ಬಿಡುತ್ತಿದ್ದ.

ಕೊನೆಯದಾಗಿ, ಎಲ್ಲ ಮುಗಿದ ಮೇಲೆ, ಕಪ್ಪು ಬಣ್ಣದ ಡಬ್ಬಿ ಹಿಡಿದು ಪ್ರತಿ ಉಂಡೆಯ ತಿಳಿಹಸಿರು ಮೈ ಮೇಲೆ ಎರಡೆರಡು ದೊಡ್ಡ ಕಣ್ಣು ಬರೆಯುತ್ತಿದ್ದ. ಕಾಗೆಗಳು ಪ್ಲಾಸ್ಟಿಕ್ ಕುಕ್ಕಿ ತೂತು ಮಾಡುತ್ತವೆ. ಕಣ್ಣು ಕಂಡರೆ ಹೆದರುತ್ತವೆ ಎಂಬುದು ಅವನ ನಂಬಿಕೆ.

“ಕಾಗೆಗಳು ಈಗ ಎರಡು ಸಲ ಬರ್ತವೆ. ಒಂದ್ಸಲ ಕುಕ್ಕೋಕೆ, ಇನ್ನೊಂದ್ಸಲ ನಿನ್ನ ಚಿತ್ರ ನೋಡೋಕೆ,” ಅನ್ನುತ್ತಿದ್ದಳು ಅಕ್ಕ.

ಅಕ್ಕನ ಕೈಯಲ್ಲಿದ್ದದ್ದು ಕೊನೆಯ ತೀರ್ಪು. ಮೊದಲ ಉಂಡೆ ಬಿಚ್ಚುವ ದಿನ ಅವಳು ಕೊಟ್ಟಿಗೆಯ ಅಂಗಳಕ್ಕೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಳಿದ ಜಾಗಕ್ಕೆ ಮೂಗು ತೂರಿಸಿ ಕಣ್ಣುಮುಚ್ಚಿ ನಿಲ್ಲುವಳು. ಆಗ ಹಸುಗಳೂ ಮೆಲುಕು ನಿಲ್ಲಿಸಿ ನೋಡುತ್ತವೆ ಎಂದು ಭಾವ ಹೇಳುತ್ತಿದ್ದ. ಮೂಗು ಹೊರಬಂದಾಗ ಅವಳು “ಹೂಂ” ಅಂದರೆ ಮೇವು ಚೆನ್ನಾಗಿದೆ ಎಂದರ್ಥ. ಅದೊಂದು “ಹೂಂ” ಕೇಳಿದರೆ ಸಾಕು, ಬಿಗಿಯಣ್ಣ ಒಂದಿಡೀ ವರ್ಷ ಎದೆಯೆತ್ತಿ ನಡೆಯುತ್ತಿದ್ದ.

ಹಿಂದಿನ ವರ್ಷ ಮಾತ್ರ “ಹೂಂ” ಬರಲಿಲ್ಲ. ಇಲಿ ಕಡಿದ ತೂತೊಂದು ಅವನ ಕಣ್ಣು ತಪ್ಪಿಸಿತ್ತು. ಬೂಷ್ಟು ಹಿಡಿದ ಮೇವನ್ನು ಮೂಸಿ ಅಕ್ಕನ ಮುದ್ದಿನ ಕೆಂಪು ಹಸು ಮುಖ ತಿರುಗಿಸಿತು. ಅಕ್ಕನೂ ಮುಖ ತಿರುಗಿಸಿದಳು. ಅದೇ ವಾರ, ದೊಡ್ಡ ಯಂತ್ರ ಇಟ್ಟುಕೊಂಡು ಊರೂರು ಸುತ್ತುವ ಗುತ್ತಿಗೆದಾರ ಬಂದು ಕಾಫಿ ಕುಡಿದು ಹೋಗಿದ್ದ. ಅವನ ಯಂತ್ರ ಉಂಡೆಗಳನ್ನು ಬಿಡಿಬಿಡಿಯಾಗಿ ಸುತ್ತುವುದಿಲ್ಲ. ಒಂದಕ್ಕೊಂದು ತಾಗಿಸಿ ಉದ್ದಕ್ಕೆ ಕಂಬಳಿಹುಳದ ಹಾಗೆ ಸುತ್ತಿಕೊಂಡು ಹೋಗುತ್ತದೆ.

“ಬರೋ ವರ್ಷ ಒಂದೇ ಒಂದು ಉಂಡೆ ನಾರಲಿ, ಅದರ ಮುಂದಿನ ಕೊಯ್ಲಿಗೆ ಆ ಯಂತ್ರದವನನ್ನೇ ಕರೀತೀನಿ. ನಿನ್ನ ಹಳೇ ಡಬ್ಬಾನ ಗುಜರಿಗೆ ಹಾಕು,” ಅಂದಿದ್ದಳು ಅಕ್ಕ.

ಅಕ್ಕ ಆಡಿದ ಮಾತು ತಪ್ಪುವವಳಲ್ಲ. ಸುತ್ತುವ ಕೆಲಸ ಹೋದರೆ ತಾನು ಆ ಮನೆಯಲ್ಲಿ ಏನು? ಅಕ್ಕನ ಮನೆಯಲ್ಲಿ ಕೂತು ಉಣ್ಣುವ ತಮ್ಮ. ಬಿಗಿಯಣ್ಣನಿಗೆ ಆ ಯೋಚನೆ ಬಂದಾಗಲೆಲ್ಲ ಎದ್ದುಹೋಗಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಆ ವರ್ಷ ಅದು ಕುಡಿದಷ್ಟು ಎಣ್ಣೆಯನ್ನು ಜನ್ಮದಲ್ಲೇ ಕುಡಿದಿರಲಿಲ್ಲ.

ಕೊಯ್ಲಿನ ದಿನ ಎಲ್ಲವೂ ಅವನು ಬಯಸಿದಂತೆಯೇ ನಡೆಯಿತು. ಬಿಸಿಲು ಹದವಾಗಿತ್ತು, ಹುಲ್ಲು ಕೈಗೆ ತಣ್ಣಗೆ ತಾಗಿತು, ಬಲೆ ಒಂದು ಕಡೆಯೂ ಹರಿಯಲಿಲ್ಲ. ಮಧ್ಯಾಹ್ನ ಅಕ್ಕ ಊಟದ ಬುಟ್ಟಿ ತಂದಿಟ್ಟು ಹೋದಳು. ಸಂಜೆಯ ಬೆಳಕು ಇರುವಾಗಲೇ ಕೊನೆಯ ಉಂಡೆಯೂ ಸುತ್ತಿಸಿಕೊಂಡು, ಮನೆಯ ಹಿಂದಿನ ಸಮತಟ್ಟಾದ ಜಾಗದಲ್ಲಿ ಹೊಲದ ಸಾಲಿನ ಕ್ರಮದಲ್ಲೇ ಬಂದು ನಿಂತಿತು. ಬಿಗಿಯಣ್ಣ ಉಂಡೆಗಳ ನಡುವೆ ಓಡಾಡಿ ಒಂದೊಂದರ ಬೆನ್ನು ತಟ್ಟಿದ.

ಆಗ ಉಂಡೆಯೊಂದರ ಹಿಂದಿನಿಂದ ಭಾವನ ತಲೆ ಕಾಣಿಸಿತು. ಸೆಕೆಯಲ್ಲೂ ಟವೆಲ್ಲನ್ನು ಮೂಗಿನವರೆಗೆ ಸುತ್ತಿಕೊಂಡಿದ್ದ.

“ಭಾಮೈದಾ, ಥ್ವಲ್ಪ ಬಾ ಇಲ್ಲಿ.”

“ಏನ್ ಭಾವ, ಗಂಟಲು ಕೆಟ್ಟಿದ್ಯಾ?”

“ಗಂಟಲಲ್ಲ.” ಭಾವ ಅತ್ತಿತ್ತ ನೋಡಿ ಟವೆಲ್ ಕೆಳಗಿಳಿಸಿದ. ಕೆನ್ನೆಗಳು ಗಾಳಿ ಹೋದ ಚೆಂಡಿನಂತೆ ಒಳಕ್ಕೆ ಹೋಗಿದ್ದವು. “ಹಲ್ಲಿನ ಥೆಟ್ಟು ಹೋಯ್ತು ಕಣೋ.”

ಆ ಹಲ್ಲಿನ ಸೆಟ್ಟಿಗೂ ಒಂದು ಕತೆ ಇತ್ತು. ಹಲ್ಲಿಲ್ಲದೆ ವರ್ಷಗಟ್ಟಲೆ ಹಾಯಾಗಿದ್ದ ಭಾವನನ್ನು ಅಕ್ಕ ಹಟ ಹಿಡಿದು ಹಲ್ಲಿನ ಡಾಕ್ಟರ ಬಳಿ ಎಳೆದುಕೊಂಡು ಹೋಗಿದ್ದಳು. ಮೊದಲ ಸೆಟ್ಟನ್ನು ಅವನು ಬಾವಿಗೆ ಬಗ್ಗಿ ನೋಡುವಾಗ ಬಾವಿಗೇ ಅರ್ಪಿಸಿದ್ದ. ಎರಡನೆಯದನ್ನು ಕೊಡಿಸುವಾಗ ಅಕ್ಕ, “ಇದು ಕಳೀತೋ, ಸಾಯೋವರೆಗೂ ನಿಮಗೆ ಗಂಜಿಯೇ,” ಎಂದು ಡಾಕ್ಟರ ಎದುರೇ ಹೇಳಿದ್ದಳು. ಹೊಸ ಸೆಟ್ಟು ಒಸಡಿಗೆ ಒತ್ತುತ್ತಿತ್ತು. ಹಾಗಾಗಿ ಭಾವ ಮಲಗುವಾಗ ಅದನ್ನು ತೆಗೆದು ಕರವಸ್ತ್ರದ ಮೇಲೆ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದ. ಅವತ್ತು ಅವನು ಮಲಗಿದ್ದು ಬೇಲಿಯ ನೆರಳಲ್ಲಿ, ಒಟ್ಟಿದ ಹುಲ್ಲಿನ ಸಾಲಿಗೆ ತಲೆಕೊಟ್ಟು.

“ಎದ್ದು ನೋಡ್ತೀನಿ, ಥಾಲೂ ಇಲ್ಲ, ಥೆಟ್ಟೂ ಇಲ್ಲ. ನಿನ್ನ ಯಂತ್ರ ಎಲ್ಲಾ ನುಂಗಿ ಮುಂದೆ ಹೋಗಿತ್ತು.”

“ನಿಮ್ಮನ್ನ ಬಿಟ್ಟು ಹೋಯ್ತಲ್ಲ, ಅದು ನಮ್ಮ ಪುಣ್ಯ,” ಅಂದ ಬಿಗಿಯಣ್ಣ. ಸಾಲಿನ ತುದಿಯಲ್ಲಿ ಮಲಗಿದ್ದ ಭಾವನನ್ನು ಸುತ್ತು ಹಾಕಿ ಟ್ರ್ಯಾಕ್ಟರ್ ತಿರುಗಿಸಿದ್ದು ಅವನಿಗೆ ನೆನಪಿತ್ತು.

“ತಮಾಷೆ ಬಿಡೋ. ಒಂದೆರಡು ಉಂಡೆ ಬಿಚ್ಚು, ಹುಡುಕೋಣ.”

ಬಿಗಿಯಣ್ಣನ ಮುಖದಲ್ಲಿದ್ದ ನಗು ಮಾಯವಾಯಿತು. ಬಿಚ್ಚುವುದು! ಇನ್ನೂ ಪ್ಲಾಸ್ಟಿಕ್ಕಿನ ಬಿಸಿ ಆರಿಲ್ಲ!

“ನನ್ನ ಚರ್ಮ ಬೇಕಾದ್ರೆ ಸುಲೀರಿ ಭಾವ. ಉಂಡೆ ಮುಟ್ಟಬೇಡಿ. ಒಂದು ಉಂಡೆ ನಾರಿದ್ರೂ ಅಕ್ಕ ನನ್ನ ಯಂತ್ರ ಗುಜರಿಗೆ ಹಾಕಿಸ್ತಾಳೆ. ಅಕ್ಕನಿಗೆ ಹೋಗಿ ನಿಜ ಹೇಳಿಬಿಡಿ.”

“ನಿಜಾನ? ಯಾರಿಗೆ? ನಿಮ್ಮಕ್ಕಂಗಾ?” ಭಾವ ಆ ಮಾತನ್ನು, ಯಾರೋ ತನಗೆ ಚಂದ್ರನವರೆಗೆ ನಡೆದುಕೊಂಡು ಹೋಗು ಅಂದಂತೆ ಕೇಳಿಸಿಕೊಂಡ. ಹೊರಟವನು ತಿರುಗಿ ನಿಂತ. “ಆಯ್ತಪ್ಪ. ಬಿಚ್ಚಬೇಡ. ಆದ್ರೆ ಆ ಥೆಟ್ಟು ಮುರೀದಿರ್ಲಿ ಅಂತ ಒಳಗೆ ತಂತಿ ಹಾಕಿದಾರೆ. ಕೆಂಪು ಹಥುವಿನ ಹೊಟ್ಟೆಗೆ ಹೋದ್ರೆ ಏನಾಗತ್ತೆ ಅಂತ ದನದ ಡಾಕ್ಟರ್‌ನ ಕೇಳು.”

ಡಾಕ್ಟರನ್ನು ಕೇಳುವ ಅಗತ್ಯವಿರಲಿಲ್ಲ. ಮೇವಿನಲ್ಲಿ ತಂತಿ ಸೇರಿದರೆ ಹಸುವಿನ ಗತಿ ಏನು ಎಂದು ಬಿಗಿಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಅಲ್ಲೇ ಉಂಡೆಗೆ ಒರಗಿದ. ಬೂಷ್ಟು ಬಂದರೆ ಕೆಲಸ ಹೋಗುತ್ತದೆ. ಕೆಂಪು ಹಸುವಿಗೇನಾದರೂ ಆದರೆ ಮನೆಯಲ್ಲಿ ತಾನೂ ಇರುವುದಿಲ್ಲ, ಭಾವನೂ ಇರುವುದಿಲ್ಲ.

ಮರುದಿನ ಬೆಳಗ್ಗೆ ಅಕ್ಕ ಹಾಲು ಕರೆಯಲು ಕೂತ ಸದ್ದು ಕೇಳಿಸಿದ ಮೇಲೆ ಇಬ್ಬರೂ ಚಾಕು ಹಿಡಿದು ಹಿಂದಕ್ಕೆ ಹೋದರು. ಬೇಲಿಯ ನೆರಳಿಗೆ ಬಂದು ಮುಗಿದ ಸಾಲುಗಳ ಕೊನೆಯ ಉಂಡೆಗಳು ಮೂರೇ. ಬಿಗಿಯಣ್ಣ ಬೆರಳಿಂದ ಗಾಳಿಯಲ್ಲಿ ಸುರುಳಿ ಬಿಡಿಸಿ ತೋರಿಸುತ್ತ ಲೆಕ್ಕ ಹಾಕಿದ: ಯಂತ್ರ ಮೊದಲು ತಿಂದದ್ದು ನಡುವಿಗೆ ಹೋಗುತ್ತದೆ, ಕಡೆಗೆ ತಿಂದದ್ದು ಹೊರಗೆ ಉಳಿಯುತ್ತದೆ. ಭಾವ ಮಲಗಿದ್ದು ಸಾಲಿನ ತುದಿಯಲ್ಲಿ. ಹಾಗಾದರೆ ಹಲ್ಲು ಒಂದು ತೋಳಿನಳತೆಯ ಒಳಗೇ ಇರಬೇಕು.

“ಏನ್ ತಲೆಯೋ ನಿಂದು!” ಭಾವನಿಗೆ ಹೆಮ್ಮೆಯಾಯಿತು.

ಚಾಕು ಪ್ಲಾಸ್ಟಿಕ್ಕನ್ನು ಮುಟ್ಟಿದಾಗ ಬಿಗಿಯಣ್ಣ ಕಣ್ಣುಮುಚ್ಚಿಕೊಂಡ. ಅಡ್ಡಕ್ಕೆ ಉದ್ದನೆಯ ಸೀಳು; ಒಳಗಿನ ಬಲೆಯ ಕೆಲವು ಎಳೆ ಮಾತ್ರ ಕಡಿದು, ಹೆಗಲವರೆಗೆ ಕೈ ತೂರಿಸಿದ. ಬೆಚ್ಚಗಿನ ಹುಲ್ಲು. ಕಡ್ಡಿ. ಒಂದು ಕಲ್ಲು ಸಿಕ್ಕಿತು, ಭಾವ “ಥಿಕ್ತಾ?” ಎಂದು ಕುಣಿದ. ಕಲ್ಲು ಎಂದು ಗೊತ್ತಾದ ಮೇಲೂ ಅದನ್ನು ಒಮ್ಮೆ ಬಾಯಿಯ ಹತ್ತಿರ ಹಿಡಿದು ನೋಡಿದ. ಎರಡನೆಯ ಉಂಡೆಯಲ್ಲಿ ಭಾವ ಹಿಂದೆಂದೋ ಕಳೆದುಕೊಂಡಿದ್ದ ಚಪ್ಪಲಿಯ ಪಟ್ಟಿ ಸಿಕ್ಕಿತು. ಮೂರನೆಯದರಲ್ಲಿ ಅದೂ ಇರಲಿಲ್ಲ.

“ಅಥಲಿಗೆ ನಾನು ಬೇಲಿ ಕಡೆ ತಲೆ ಹಾಕಿದ್ನೋ, ಕಾಲು ಹಾಕಿದ್ನೋ...” ಭಾವ ತಲೆ ಕೆರೆದುಕೊಂಡ.

ಬಿಗಿಯಣ್ಣ ಹುಲ್ಲು ತುಂಬಿದ ತೋಳನ್ನು ಹೊರಗೆಳೆದು ಭಾವನನ್ನು ನೋಡಿದ ನೋಟಕ್ಕೆ ಭಾವ ತಾನೇ ಟವೆಲ್ ಮೇಲೆಳೆದುಕೊಂಡು ಬಾಯಿ ಮುಚ್ಚಿಕೊಂಡ.

ಕಡಿದ ಜಾಗವನ್ನು ಒರೆಸಿ, ತೇವ ಆರುವವರೆಗೆ ಊದಿ, ಉಂಡೆಗೆಂದೇ ಸಿಗುವ ಅಗಲದ ಟೇಪು ಹಚ್ಚಿದ. ಸಾಮಾನ್ಯ ಟೇಪು ಹಚ್ಚಿದರೆ ಬಿಸಿಲಿಗೆ ಎದ್ದುಬರುತ್ತದೆ. ತೇಪೆ ಗಟ್ಟಿಯಾಗಿಯೇ ಕೂತಿತು. ಆದರೆ ತಿಳಿಹಸಿರಿನ ಮೇಲೆ ಅದು ಗಾಯದ ಪಟ್ಟಿಯಂತೆ ಎದ್ದು ಕಾಣುತ್ತಿತ್ತು. ಕೊಟ್ಟಿಗೆಯಲ್ಲಿ ಹಾಲಿನ ಕ್ಯಾನಿನ ಮುಚ್ಚಳದ ಸದ್ದಾಯಿತು. ಅಕ್ಕ ಯಾವ ಗಳಿಗೆಯಲ್ಲಾದರೂ ಈ ಕಡೆ ಬರಬಹುದು. ಹೇಗೂ ಕಣ್ಣು ಬರೆಯುವುದು ಇನ್ನೂ ಬಾಕಿ, ಕಪ್ಪು ಬಣ್ಣದ ಡಬ್ಬಿ ಅಲ್ಲೇ ಇತ್ತು. ಬಿಗಿಯಣ್ಣ ಗಡಿಬಿಡಿಯಲ್ಲಿ ಮೇಲೆ ಎರಡು ಕಣ್ಣು ಬರೆದು, ಕೆಳಗೆ ತೇಪೆಯ ಉದ್ದಕ್ಕೂ ದಪ್ಪಗೆ ಕಪ್ಪು ಬಳಿದ. ಮೂರಕ್ಕೂ ಬಳಿದ. ನಂತರ ಹಿಂದೆ ಸರಿದು ನಿಂತು ನೋಡಿದ.

ಉಳಿದ ಉಂಡೆಗಳೆಲ್ಲ ಬರೀ ಕಣ್ಣು ಬಿಟ್ಟುಕೊಂಡು ನಿಲ್ಲುವಂಥವು. ಈ ಮೂರಕ್ಕೆ ಮಾತ್ರ ಬಾಯಿ ಬಂದಿತ್ತು. ಅಗಲವಾದ, ಕಪ್ಪನೆಯ, ಒಂದು ಹಲ್ಲೂ ಇಲ್ಲದ ಬಾಯಿ.

“ನನ್ನ ಹಾಗೇ ಇದಾವಲ್ಲೋ,” ಅಂದ ಭಾವ.

ಅಂದಿನಿಂದ ಉಂಡೆ ಬಿಚ್ಚುವ ದಿನದವರೆಗೆ ಆ ಮನೆಯಲ್ಲಿ ಇಬ್ಬರು ಗಂಡಸರು ಒಂದೊಂದು ತುತ್ತನ್ನೂ ಹೆದರಿಕೊಂಡೇ ನುಂಗಿದರು. ಬಿಗಿಯಣ್ಣನಿಗೆ ತೇಪೆಯ ಚಿಂತೆ. ಬಿಸಿಲೇರಿದರೂ ಓಡಿಹೋಗಿ ಒತ್ತುವನು, ಮಳೆ ಹನಿದರೂ ಓಡಿಹೋಗಿ ಒತ್ತುವನು. ಜೊತೆಗೆ ಮುಂದೆ ಒಂದೊಂದು ಉಂಡೆಯನ್ನೂ ಹಿಡಿಹಿಡಿಯಾಗಿ ಜಾಲಾಡಿಯೇ ಹಸುಗಳ ಮುಂದೆ ಹಾಕಬೇಕೆಂದು ತೀರ್ಮಾನಿಸಿದ್ದ. ಭಾವನಿಗೆ ಊಟದ ಚಿಂತೆ. ಗಂಟಲು ನೋವೆಂದು ಟವೆಲ್ ಬಿಚ್ಚದೆ, ತಟ್ಟೆಯ ಮೇಲೆ ಬಗ್ಗಿ, ಮೆತ್ತಗಿದ್ದದ್ದನ್ನೆಲ್ಲ ಟವೆಲ್ಲಿನ ಕೆಳಗಿಂದ ಒಳಗೆ ಸಾಗಿಸುತ್ತಿದ್ದ. ಆದರೆ ಅದೇನು ವಿಚಿತ್ರವೋ, ಆ ದಿನಗಳಲ್ಲಿ ಅಕ್ಕನ ಅಡುಗೆಮನೆಯಿಂದ ಮೆತ್ತಗಿನ ಪದಾರ್ಥ ಬರುವುದೇ ಕಡಿಮೆಯಾಯಿತು. ಒಂದು ದಿನ ಹುರಿದ ಕಡಲೆಕಾಯಿ. ಇನ್ನೊಂದು ದಿನ ಹಸಿ ಕ್ಯಾರೆಟ್. ಮತ್ತೊಂದು ದಿನ ಕಲ್ಲಿನಂಥ ಒಣ ಬ್ರೆಡ್ಡು.

“ತಿನ್ರೀ. ಹೊಸ ಹಲ್ಲಿಗೆ ಕೆಲಸ ಕೊಡಬೇಕಂತೆ, ಡಾಕ್ಟರು ಹೇಳಿದಾರೆ,” ಎಂದು ಅಕ್ಕ ಎದುರಿಗೇ ಕೂರುವಳು.

ಭಾವ ಕಡಲೆಕಾಯಿಯನ್ನು ಒಂದೊಂದಾಗಿ ಬಾಯಲ್ಲಿ ನೆನೆಸಿ ಮಧ್ಯಾಹ್ನದ ಊಟವನ್ನು ಸಂಜೆಯವರೆಗೂ ಮಾಡುತ್ತಿದ್ದ. ಅವನ ನಿದ್ದೆಯ ಹೊತ್ತೆಲ್ಲ ಅದಕ್ಕೇ ಹೋಯಿತು. ಹಲ್ಲು ಹೋದದ್ದಕ್ಕಿಂತ ಅವನಿಗೆ ಅದೇ ಹೆಚ್ಚು ಸಂಕಟ.

ಉಂಡೆ ಬಿಚ್ಚುವ ದಿನ ಬಂತು. ಅಕ್ಕ ಗುತ್ತಿಗೆದಾರನನ್ನೂ ಕರೆಸಿದ್ದಳು. ಮಡಿಕೆ ಕೆಡದ ಅಂಗಿ ತೊಟ್ಟ ಆತ, ಸಗಣಿ ತಾಗದಂತೆ ತುದಿಗಾಲಲ್ಲಿ ನಿಂತು, ಉಂಡೆಗಳ ಕಣ್ಣುಗಳನ್ನು ನೋಡಿ ಸ್ವಲ್ಪ ತಬ್ಬಿಬ್ಬಾದ.

“ಇವು... ನಮ್ಮನ್ನೇ ನೋಡ್ತಾ ಇದಾವಲ್ಲ, ಅಕ್ಕಾವ್ರೇ?”

“ಕಾಗೆಗೆ,” ಅಂದಳು ಅಕ್ಕ. ಮೊದಲ ಸಾಲಿನ ಒಂದು ಉಂಡೆಯನ್ನು ತೋರಿಸಿದಳು. ಬಿಗಿಯಣ್ಣ ಪ್ಲಾಸ್ಟಿಕ್ ಸೀಳಿ, ಬಲೆಯನ್ನು ಒಂದೆಳೆಯೂ ಬಿಡದಂತೆ ಬಿಡಿಸಿ ತೆಗೆದ. ಅಕ್ಕ ಮೂಗು ತೂರಿಸಿದಳು. ಬಿಸಿಲಲ್ಲಿಟ್ಟ ಹಣ್ಣಿನಂಥ ಸಿಹಿಹುಳಿ ವಾಸನೆ ಅಂಗಳವನ್ನೆಲ್ಲ ತುಂಬಿತು. ಕೆಂಪು ಹಸು ಹಗ್ಗ ಜಗ್ಗಿತು.

“ಹೂಂ,” ಅಂದಳು ಅಕ್ಕ.

ಗುತ್ತಿಗೆದಾರನೂ ಮೂಸಿ ತಲೆದೂಗಿದ. ಬಿಗಿಯಣ್ಣನ ಎದೆಯಿಂದ ಒಂದು ಚೀಲ ಕೆಳಗಿಳಿಸಿದಂತಾಯಿತು. ಅವನು ಬಲೆಯನ್ನು ಮಡಿಸುತ್ತ ಇನ್ನೇನು ಹೊರಡಬೇಕು, ಅಕ್ಕ ಕೇಳಿದಳು:

“ಅಲ್ವೋ, ಆ ಕೊನೇ ಮೂರಕ್ಕೆ ಮಾತ್ರ ಬಾಯಿ ಯಾಕೆ ಬಂದಿದೆ?”

ಬಿಗಿಯಣ್ಣನ ಕೈಯಲ್ಲಿದ್ದ ಬಲೆ ಜಾರಿತು.

“ಅದು... ಸುಮ್ನೆ. ಚೆನ್ನಾಗಿ ಕಾಣ್ಲಿ ಅಂತ.”

“ಹೌದೌದು, ಛೆನ್ನಾಗಿದಾವೆ,” ಎಂದು ಟವೆಲ್ಲಿನ ಒಳಗಿಂದ ಭಾವ ದನಿಗೂಡಿಸಿದ.

“ಹಾಗಾದ್ರೆ ಚೆನ್ನಾಗಿರೋದನ್ನೇ ಬಿಚ್ಚು.”

ಬೇರೆ ದಾರಿ ಇರಲಿಲ್ಲ. ಬಿಗಿಯಣ್ಣ ನಡುವಿನ ಉಂಡೆಯ ಬಾಯಿಗೇ ಚಾಕು ಹಾಕಿದ. ಟೇಪು ಕಳಚಿ ಬಂತು. ಅಕ್ಕ ಮೂಗು ತೂರಿಸಿದವಳು, ಎಂದಿನಂತೆ ಕಣ್ಣುಮುಚ್ಚಿ ನಿಲ್ಲದೆ, ತಟ್ಟನೆ ಹಿಂದಕ್ಕೆ ಬಂದು ಸೀನಿದಳು. ಸೀಳಿನ ಸುತ್ತ, ಕೈ ಹೋಗಿ ಬಂದಷ್ಟು ಜಾಗದಲ್ಲಿ, ಹತ್ತಿಯಂಥ ಬಿಳಿ ಬೂಷ್ಟು ಹರಡಿತ್ತು. ಮಡಿಸಿಟ್ಟ ಒದ್ದೆ ಕಂಬಳಿಯ ವಾಸನೆ.

ಗುತ್ತಿಗೆದಾರ ಬಹಳ ಮರ್ಯಾದೆಯಿಂದ ಕೆಮ್ಮಿ, “ಮುಂದಿನ ಕೊಯ್ಲು ಯಾವಾಗ ಇಟ್ಕೊಂಡಿದೀರಿ ಅಕ್ಕಾವ್ರೇ?” ಅಂದ.

ಅಕ್ಕ ತಮ್ಮನ ನಿಜವಾದ ಹೆಸರು ಹಿಡಿದು ಕರೆದಳು. ಆದರೂ ಬಿಗಿಯಣ್ಣ ಭಾವನ ಕಡೆ ಬೆರಳು ತೋರಲಿಲ್ಲ. ತಲೆ ತಗ್ಗಿಸಿ, ಚಾಕು ಮಡಿಸಿ ಜೇಬಿಗಿಟ್ಟುಕೊಂಡು, “ಯಂತ್ರ ತೊಳೆದಿಡ್ತೀನಿ. ಗುಜರಿಯವನು ಬಂದ್ರೆ ಸುಲಭವಾಗಿ ಎತ್ಕೊಂಡು ಹೋಗ್ಲಿ,” ಅಂದ.

ಭಾವ ಅವನನ್ನು ನೋಡಿದ. ಹೆಂಡತಿಯನ್ನು ನೋಡಿದ. ಬೂಷ್ಟು ಹಿಡಿದ ಹಲ್ಲಿಲ್ಲದ ಬಾಯಿಯನ್ನು ನೋಡಿದ. ಕೊನೆಗೆ ಟವೆಲ್ಲನ್ನು ಕಿತ್ತು ನೆಲಕ್ಕೆಸೆದ.

“ಅವನದೇನೂ ತಪ್ಪಿಲ್ಲ ಕಣೇ! ನಾನೇ ಬಿಚ್ಚಿಥಿದ್ದು! ಹಲ್ಲಿನ ಥೆಟ್ಟು ಹುಲ್ಲಲ್ಲಿ ಹೋಯ್ತು, ಹಥು ತಿಂದ್ಬಿಡತ್ತೆ ಅಂತ ಹುಡುಕಿಥಿದೆ. ಬೇಕಾದ್ರೆ ನಂಗೆ ಗಂಜಿ ಹಾಕು, ಗಂಜೀನೂ ಹಾಕಬೇಡ. ಅವನ ಯಂತ್ರ ಮುಟ್ಟಬೇಡ!”

ಮದುವೆಯಾದ ಮೇಲೆ ಭಾವ ಅಕ್ಕನ ಎದುರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಗುತ್ತಿಗೆದಾರ ಎಂಜಲು ಸಿಡಿದ ಅಂಗಿಯನ್ನು ಒರೆಸಿಕೊಂಡ.

ಅಕ್ಕನ ಮುಖದ ಸಿಟ್ಟು ಇಳಿಯಿತು. ಆ ಜಾಗಕ್ಕೆ ಬಿಗಿಯಣ್ಣ ಹಿಂದೆಂದೂ ಕಾಣದ ಯಾವುದೋ ಬಣ್ಣ ಬಂತು. ಅವಳು ಒಳಗೆ ಹೋಗಿ, ಒಂದು ಮುಚ್ಚಳದ ಡಬ್ಬಿ ಹಿಡಿದುಕೊಂಡು ಬಂದಳು. ಮುಚ್ಚಳ ತೆಗೆದಳು. ಒಳಗೆ ನೀರಿನಲ್ಲಿ ಹಲ್ಲಿನ ಸೆಟ್ಟು ಸೊಗಸಾಗಿ ನಗುತ್ತಿತ್ತು.

“ಊಟ ಕೊಡೋಕೆ ಹೊಲಕ್ಕೆ ಬಂದಾಗ ಬಾಯಿ ತೆಕ್ಕೊಂಡು ಗೊರಕೆ ಹೊಡೀತಿದ್ರಿ,” ಎಂದಳು, ಭಾವನ ಕಡೆ ನೋಡದೆ. “ಹಲ್ಲು ಹುಲ್ಲಿನ ಪಕ್ಕದಲ್ಲಿ ಬಿದ್ದಿತ್ತು. ಯಂತ್ರ ನುಂಗೀತು ಅಂತ ಎತ್ಕೊಂಡು ಬಂದೆ. ಸಂಜೆ ಬಂದು ಕೇಳ್ತೀರ, ಆಗ ಕೊಡೋಣ ಅಂತ ಕೂತೆ. ನೀವು ಬಾಯೇ ಬಿಡಲಿಲ್ಲ. ನನಗೂ ಹಟ ಬಂತು. ಎಷ್ಟು ದಿನ ಮುಚ್ಚಿಡ್ತಾರೋ ನೋಡೇಬಿಡೋಣ ಅಂತ...”

“ಅದಕ್ಕೇನಾ ಕಡಲೆಕಾಯಿ?” ಭಾವನ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಿತ್ತು.

“ಕ್ಯಾರೆಟ್‌ಗೆ ಬಾಯಿ ಬಿಡ್ತೀರ ಅಂದ್ಕೊಂಡಿದ್ದೆ.”

ಬಿಗಿಯಣ್ಣ ಇಬ್ಬರನ್ನೂ ಒಂದೊಂದು ಸಲ ನೋಡಿದ. ಹಲ್ಲು ಡಬ್ಬಿಯಲ್ಲಿ ಭದ್ರವಾಗಿ ನೆನೆಯುತ್ತಿರುವಾಗ ತಾನು ಕಣ್ಣುಮುಚ್ಚಿ ಸೀಳಿದ್ದು, ಹೆಗಲವರೆಗೆ ಕೈ ತೂರಿಸಿದ್ದು, ಮಳೆಯಲ್ಲಿ ಓಡಿಹೋಗಿ ತೇಪೆ ಒತ್ತಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಅಕ್ಕನ ಎದುರು ಎಂದೂ ದನಿಯೆತ್ತದ ಅವನು ಆವತ್ತೂ ಎತ್ತಲಿಲ್ಲ. ಡಬ್ಬಿಯ ಕಡೆ ನೋಡಿ ಮೆಲ್ಲಗೆ ಕೇಳಿದ, ಅಷ್ಟೇ:

“ಅಕ್ಕ, ಹಾಗಾದ್ರೆ ಈ ಮೂರು ಉಂಡೆ ಯಾರ ತಲೆಗೆ ಕಟ್ಟೋದು?”

ಅಕ್ಕ ಸೆರಗಿನ ತುದಿಯನ್ನು ಸೊಂಟದಿಂದ ಬಿಡಿಸಿದಳು, ಮತ್ತೆ ಸಿಕ್ಕಿಸಿದಳು. ಕೆಂಪು ಹಸುವನ್ನು ನೋಡಿದಳು. ಅದು ಮೊದಲ ಉಂಡೆಯ ಮೇವಿನಲ್ಲಿ ಕಿವಿಯವರೆಗೆ ಮುಳುಗಿತ್ತು. ಅದರಿಂದ ಯಾವ ಸಹಾಯವೂ ಬರಲಿಲ್ಲ.

“ನನ್ನ ತಲೆಗೇ ಕಟ್ಟು,” ಅಂದಳು ಕೊನೆಗೆ. “ಬಿಗಿಯಾಗಿ ಕಟ್ಟಬೇಡ, ತಲೆ ನೋಯತ್ತೆ.” ಆಮೇಲೆ ಗುತ್ತಿಗೆದಾರನ ಕಡೆ ತಿರುಗಿ, “ನೀವು ಕಾಫಿ ಕುಡ್ಕೊಂಡು ಹೋಗಿ. ನಿಮ್ಮ ಯಂತ್ರ ಹಲ್ಲು ಹುಡುಕತ್ತಾ?”

“ಇಲ್ಲ ಅಕ್ಕಾವ್ರೇ, ಅಂಥ ಸೌಲಭ್ಯ ಇನ್ನೂ ಬಂದಿಲ್ಲ,” ಎಂದು ಆತ ಪ್ರಾಮಾಣಿಕವಾಗಿ ಒಪ್ಪಿಕೊಂಡ.

ಬಾಯಿ ಬಂದ ಇನ್ನೆರಡು ಉಂಡೆಗಳನ್ನೂ ಅವತ್ತೇ ಬಿಚ್ಚಿದರು. ಬೂಷ್ಟು ಹಿಡಿದಿದ್ದನ್ನು ಅಕ್ಕನೇ ಬುಟ್ಟಿಯಲ್ಲಿ ತುಂಬಿ ತುಂಬಿ ಗೊಬ್ಬರದ ಗುಂಡಿಗೆ ಹೊತ್ತುಹಾಕಿದಳು. ಬಿಗಿಯಣ್ಣ ಸಹಾಯಕ್ಕೆ ಹೋದರೆ, “ನನ್ನ ಪಾಲಿನ ಕೆಲಸ, ನೀನು ದೂರ ಇರು,” ಎಂದು ಗದರಿದಳು. ಭಾವ ಹಲ್ಲು ಹಾಕಿಕೊಂಡು, ಜಗಲಿಯಲ್ಲಿ ಕೂತು, ಉಳಿದಿದ್ದ ಕಡಲೆಕಾಯಿಯನ್ನೆಲ್ಲ ಕಟಕಟನೆ ಕಡಿದ. ಆ ಸದ್ದು ಗೊಬ್ಬರದ ಗುಂಡಿಯವರೆಗೂ ಕೇಳುತ್ತಿತ್ತು. ಅಕ್ಕ ಪ್ರತಿ ಬುಟ್ಟಿಗೂ ಒಮ್ಮೆ ನಿಂತು ಅತ್ತ ಕೆಂಗಣ್ಣು ಬಿಡುತ್ತಿದ್ದಳು, ಆದರೆ ಸಾಕು ನಿಲ್ಲಿಸಿ ಅನ್ನಲಿಲ್ಲ.

ಮುಂದಿನ ಕೊಯ್ಲಿಗೆ ಹಳೆಯ ಯಂತ್ರವೇ ಹೊಲಕ್ಕಿಳಿಯಿತು. ಬಿಗಿಯಣ್ಣ ಎಂದಿನಂತೆ ಹುಲ್ಲು ಹಿಂಡಿ ನೋಡಿದ, ಬಲೆಯ ಅಂಚು ಎಳೆದು ನೋಡಿದ, ಪ್ಲಾಸ್ಟಿಕ್ ಸುರುಳಿಯನ್ನು ನೆರಳಿಗೆ ಸರಿಸಿದ. ಟ್ರ್ಯಾಕ್ಟರ್ ಏರಲು ಕಾಲಿಟ್ಟವನು ಏನೋ ನೆನಪಾಗಿ ಇಳಿದ. ಬೇಲಿಯ ನೆರಳಿನಲ್ಲಿ ಭಾವ ಆಗಲೇ ಟವೆಲ್ ಹಾಸುತ್ತಿದ್ದ.

“ಭಾವ, ಆ ಅನ್ನಿ.”

ಭಾವ ಬಾಯಿ ತೆರೆದ. ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಇದ್ದವು. ಬಿಗಿಯಣ್ಣ ಜೇಬಿನಿಂದ ಒಂದು ತುಂಡು ಪ್ಲಾಸ್ಟಿಕ್ ತೆಗೆದು ಎಳೆದ.

“ಮಲಗೋದಾದ್ರೆ ಸೆಟ್ಟು ಇಲ್ಲಿ ಕೊಡಿ. ಸುತ್ತಿ ಕೊಡ್ತೀನಿ.”

“ಬೇಡಪ್ಪಾ!” ಭಾವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. “ಆಮೇಲೆ ಬಿಚ್ಚೋರು ಯಾರು?”

ಅವತ್ತು ಉಂಡೆ ಕಟ್ಟಿ ಮುಗಿಯುವವರೆಗೂ ಭಾವ ಬಾಯಿ ಮುಚ್ಚಿಕೊಂಡೇ ಕೂತಿದ್ದ. ಹೊಲದಲ್ಲಿ ಅವನು ನಿದ್ದೆ ಮಾಡದೆ ಇಡೀ ಮಧ್ಯಾಹ್ನ ಕಳೆದದ್ದು ಅದೊಂದೇ ದಿನ.